ಪೊರೆ ಬಿಡುವ ಹವಳಕ್ಕೆ ಔಷಧ ಬೇಡ

ಪ್ರಶ್ನೆ: ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿರುವ ಅಣಬೆಯಾಕಾರದ ಲೆದರ್ ಕೋರಲ್ ಐದು ದಿನದಿಂದ ಮುದುಡಿ ಕೂತಿದೆ. ಮೈಮೇಲೆ ಮೇಣದ ಹೊಳಪಿನ ಪದರ ಬಂದಿದೆ. ಎರಡು ವಾರದ ಹಿಂದೆ ಹೊಸ ಎಲ್‌ಇಡಿ ಹಾಕಿಸಿದ್ದೆವು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಔಷಧವನ್ನೇ ಹಾಕಿ ಎನ್ನುತ್ತಾರೆ ಅಂಗಡಿಯವರು. ಹಾಕಬಹುದೇ ಡಾಕ್ಟ್ರೇ?
— ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಹಾಕಬೇಡಿ. ಆ ಔಷಧಗಳಲ್ಲಿ ಹಲವದರಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರ ಹವಳಕ್ಕೆ, ಸೀಗಡಿಗೆ, ಬಸವನಹುಳುವಿಗೆ ವಿಷ. ಕಲ್ಲು, ಮರಳು ಅದನ್ನು ಹೀರಿಕೊಂಡರಂತೂ ತೆಗೆಯುವುದೇ ಕಷ್ಟ.

ನೀವು ಬರೆದಿರುವುದನ್ನು ನೋಡಿದರೆ ಇದು ಕಾಯಿಲೆಯೇ ಅಲ್ಲದಿರಬಹುದು. ಸಾರ್ಕೊಫೈಟಾನ್ ಬಳಗದ ಈ ಹವಳ ಹಾವಿನಂತೆ ಆಗಾಗ ಪೊರೆ ಬಿಡುತ್ತದೆ. ಮೈಮೇಲೆ ಕೂತ ಪಾಚಿ, ಕಸವನ್ನು ಕಳಚಿಕೊಳ್ಳುವ ಉಪಾಯವಿದು. ಕೆಲವು ದಿನ, ಕೆಲವೊಮ್ಮೆ ಎರಡು ವಾರ ಪಾಲಿಪ್‌ಗಳನ್ನು ಒಳಗೆಳೆದುಕೊಂಡು ಕೂತಿರುತ್ತದೆ. ನನಗೆ ಇಂಥ ಪತ್ರ ಬರುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಮೂರು ಬಾಟಲಿ ಔಷಧ ಟ್ಯಾಂಕಿಗೆ ಬಿದ್ದಾಗಿರುತ್ತದೆ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಟಾರ್ಚ್ ಹಿಡಿದು ಬುಡ ನೋಡಿ. ಪೊರೆ ಬಿಡುವ ಹವಳದ ಮಾಂಸ ಗಟ್ಟಿಯಾಗಿರುತ್ತದೆ. ನೀರು ತಳ್ಳುವ ಪಂಪ್ (ಪವರ್‌ಹೆಡ್) ತಿರುಗಿಸಿ ನೀರಿನ ಹರಿವನ್ನು ಸ್ವಲ್ಪ ಹೆಚ್ಚಿಸಿದರೆ ಪದರ ಚೂರು ಚೂರಾಗಿ ಎದ್ದುಹೋಗುತ್ತದೆ. ಬುಡದಲ್ಲಿ ಕಪ್ಪು ಅಥವಾ ಕಂದು ಕಲೆ ಹರಡುತ್ತಿದ್ದರೆ, ಮಾಂಸ ಲೋಳೆಯಾಗಿ ಕರಗುತ್ತಿದ್ದರೆ, ನೀರಿನಿಂದ ಎತ್ತಿದಾಗ ಕೊಳೆತ ವಾಸನೆ ಬಂದರೆ ಅದು ನಿಜವಾದ ಕೊಳೆ. ಆಗಲೂ ಟ್ಯಾಂಕಿಗೆ ಔಷಧ ಬೇಡ, ಬ್ಲೇಡ್ ಬೇಕು. ಕೈಗವಸು, ಕನ್ನಡಕ ಹಾಕಿಕೊಂಡು ಹವಳವನ್ನು ಟ್ಯಾಂಕಿನದೇ ನೀರು ತುಂಬಿದ ಬೇಸಿನ್ನಿಗೆ ತೆಗೆಯಿರಿ. ಹೊಸ ಬ್ಲೇಡಿನಿಂದ ಕೊಳೆತ ಭಾಗದ ಜೊತೆ ಸುತ್ತಲ ಸ್ವಲ್ಪ ಒಳ್ಳೆಯ ಮಾಂಸವನ್ನೂ ಕತ್ತರಿಸಿ; ಕತ್ತರಿಸಿದ ಜಾಗದಲ್ಲಿ ಕಲೆ ಉಳಿಯಬಾರದು. ಹವಳಕ್ಕೆಂದೇ ಸಿಗುವ ಅಯೋಡಿನ್ ದ್ರಾವಣದಲ್ಲಿ, ಬಾಟಲಿ ಮೇಲಿನ ಅಳತೆಯಂತೆ ಅದ್ದಿ, ತೊಳೆದು, ಕಲ್ಲಿನ ಚೂರಿಗೆ ಸಡಿಲವಾಗಿ ರಬ್ಬರ್ ಬ್ಯಾಂಡ್ ಹಾಕಿ ಕೂರಿಸಿ. ಲೋಳೆಯ ಮೇಲೆ ಗಮ್ ನಿಲ್ಲುವುದಿಲ್ಲ. ಗಾಯವಾದ ಲೆದರ್ ಕೋರಲ್ ನೀರಿಗೆ ಬಿಡುವ ರಾಸಾಯನಿಕ ಅಕ್ಕಪಕ್ಕದ ಹವಳಗಳನ್ನೂ ಕಾಡುತ್ತದೆ, ಹಾಗಾಗಿ ಫಿಲ್ಟರಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಇರಲಿ.

ನನ್ನ ಅನುಮಾನ ಇರುವುದು ನಿಮ್ಮ ಹೊಸ ಲೈಟಿನ ಮೇಲೂ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿಯೇ ಅದಕ್ಕೆ ಬಹುಪಾಲು ಊಟ ಒದಗಿಸುತ್ತದೆ. ಬೆಳಕು ಒಮ್ಮೆಲೇ ಏರಿದರೆ ಆ ಪಾಚಿ ಹೊರಬಿದ್ದು ಬಣ್ಣ ಬಿಳಚುತ್ತದೆ. ಲೈಟನ್ನು ಅರ್ಧಕ್ಕಿಳಿಸಿ, ಮೂರು ನಾಲ್ಕು ವಾರದಲ್ಲಿ ನಿಧಾನಕ್ಕೆ ಏರಿಸಿ. ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 24ರಿಂದ 26 ಡಿಗ್ರಿ, ಕ್ಷಾರೀಯತೆ 8–9 ಡಿಕೆಎಚ್ ಇದ್ದರೆ ಸಾಕು. ನೈಟ್ರೇಟ್ ಸೊನ್ನೆಯಾಗಲೇಬೇಕೆಂಬ ಹಟ ಬೇಡ. ಆವಿಯಾದ ನೀರಿನ ಬದಲು ಆರ್‌ಒ ನೀರು ಸೇರಿಸಿ, ಉಪ್ಪುನೀರಲ್ಲ.

ಪ್ರಶ್ನೆ: ಕಲ್ಲಿನ ತುಂಬ ಹರಡಿರುವ ಜೋಆಂತಿಡ್ ಹವಳಗಳು ಮುಚ್ಚಿಕೊಂಡಿವೆ. ಕಲ್ಲನ್ನೇ ತೆಗೆದು ಕುದಿಸಿ ಮತ್ತೆ ಬಳಸಬಹುದೇ?
— ಓದುಗರು, ಮೈಸೂರು

ಉತ್ತರ: ಖಂಡಿತ ಕುದಿಸಬೇಡಿ! ಕೆಲವು ಜೋಆಂತಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕುದಿಸಿದರೂ ಅದು ಸುಲಭಕ್ಕೆ ನಾಶವಾಗದು, ಹಬೆಯ ಜೊತೆ ಮನೆಯವರ ಉಸಿರಿಗೆ ಸೇರುತ್ತದೆ. ಹೀಗೆ ಇಡೀ ಕುಟುಂಬಗಳೇ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಬ್ರಷ್‌ನಿಂದ ತಿಕ್ಕುವುದು, ಬಿಸಿನೀರು ಸುರಿಯುವುದೂ ಬೇಡ.

ಮೊದಲು ರಾತ್ರಿ ಲೈಟ್ ಆರಿದ ಮೇಲೆ ಟಾರ್ಚಿನಲ್ಲಿ ಹುಡುಕಿ. ಜೋಆಂತಿಡ್ ತಿನ್ನುವ ನುಡಿಬ್ರ್ಯಾಂಕ್ ಎಂಬ ಚಿಪ್ಪಿಲ್ಲದ ಕಡಲ ಹುಳು ಪಾಲಿಪ್‌ನದೇ ಬಣ್ಣ ತಾಳಿರುತ್ತದೆ. ಕಾಂಡದ ಬುಡದಲ್ಲಿ ಸುರುಳಿಯಾಗಿ ಅಂಟಿದ ಮೊಟ್ಟೆ ಅದರ ಗುರುತು. ಕೈಗವಸು ಹಾಕಿ ಚಿಮಟದಿಂದ ಆರಿಸಿ ತೆಗೆಯಿರಿ. ಮೊಟ್ಟೆ ಔಷಧಕ್ಕೆ ಜಗ್ಗುವುದಿಲ್ಲವಾದ್ದರಿಂದ ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು.

ಈಗಾಗಲೇ ಕುದಿಸಿದ್ದು, ಯಾರಿಗಾದರೂ ಕೆಮ್ಮು, ಜ್ವರ, ಕಣ್ಣುರಿ, ಬಾಯಲ್ಲಿ ಲೋಹದ ರುಚಿ ಕಾಣಿಸಿದರೆ ಎಲ್ಲರೂ ಮನೆಯಿಂದ ಹೊರಬಂದು ತಕ್ಷಣ ಆಸ್ಪತ್ರೆಗೆ ಹೋಗಿ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ, ಲಕ್ಷಣಕ್ಕೆ ತಕ್ಕ ಚಿಕಿತ್ಸೆ ಕೊಡುತ್ತಾರೆ. ‘ಪ್ಯಾಲಿಟಾಕ್ಸಿನ್’ ಎಂದು ಚೀಟಿಯಲ್ಲಿ ಬರೆದುಕೊಂಡು, ಮೊಬೈಲಿನಲ್ಲಿ ಆ ಹವಳದ ಫೋಟೊ ಇದ್ದರೆ ವೈದ್ಯರಿಗೆ ತೋರಿಸಿ.