ಬೇಸಿಗೆಯ ಗಾಳ ಮತ್ತು ಹೆನ್ರಿಯ ನಿಯಮ

ಪರೀಕ್ಷೆ ಮುಗಿಸಿ ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ಕಡೆ ಊರಿಗೆ ಹೋಗೋ ಗೆಳೆಯರು ಗಾಳ ಹಿಡಿದು ಕೆರೆಗೋ ಮಾಂಜ್ರಾ ನದಿಗೋ ಹೊರಡೋದುಂಟು. "ನಸುಕಿನಲ್ಲೇ ಹೋದ್ವಿ, ಮೀನು ಮೇಲೇ ಕಾಣ್ತಿದ್ವು, ಒಂದೂ ಕಚ್ಚಲಿಲ್ಲ" ಅನ್ನೋದು ಸಾಮಾನ್ಯ ದೂರು. ಉತ್ತರ ನಮ್ಮ ಮೊದಲ ವರ್ಷದ ರಸಾಯನಶಾಸ್ತ್ರದಲ್ಲೇ ಇದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಅನಿಲ ಕರಗೋದು ಕಡಿಮೆ. ಸಮುದ್ರಮಟ್ಟದ ಒತ್ತಡದಲ್ಲಿ 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ನಮ್ಮ ಪ್ರಸ್ಥಭೂಮಿಯ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಇನ್ನೊಂದು ಕಡೆ, ನೀರಿನ ತಾಪ 10 ಡಿಗ್ರಿ ಏರಿದರೆ ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಪೂರೈಕೆ ಇಳಿಯಿತು, ಬೇಡಿಕೆ ಏರಿತು.

ಇದರ ಜೊತೆಗೆ ಪಾಚಿಯ ಲೆಕ್ಕ. ಹಗಲು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಕೊಡುವ ಪಾಚಿ, ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಹಾಗಾಗಿ ಹಸಿರುಗಟ್ಟಿದ ಕೆರೆಯಲ್ಲಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಆಮ್ಲಜನಕ ಅತಿ ಕಡಿಮೆ. ಆಗ ರೋಹು, ಕಾಟ್ಲಾ, ಮೃಗಾಲ್ ಮೇಲೆ ಬಂದು ಬಾಯಿ ತೆರೆಯೋದು ಹಸಿವಿಗಲ್ಲ, ಉಸಿರಿಗೆ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ, ಅಂದರೆ ಮುರೆಲ್ ಮೀನಿನ ಕಥೆ ಬೇರೆ. ಅದು ಮೇಲೆ ಬರೋದು ದಿನನಿತ್ಯದ ಅಭ್ಯಾಸ.

ಹಾಗಾದರೆ ಯಾವಾಗ ಹೋಗೋಣ? ಬಿಸಿಲು ಬಿದ್ದು ಒಂದೆರಡು ಗಂಟೆ ಆದ ಮೇಲೆ, ಇಲ್ಲವೇ ಸಂಜೆ ಬಿಸಿಲು ತಗ್ಗಿದಾಗ. ಗಾಳಿ ಬೀಸಿ ಅಲೆ ಬಡಿಯುವ ದಡ, ನೀರು ಒಳಬರುವ ಬಾಯಿ, ಮರದ ನೆರಳು ಹುಡುಕಿ. ಎರೆಹುಳ ಅಥವಾ ಹಿಟ್ಟಿನ ಉಂಡೆ ಸಾಕು.

ಆದರೆ ಮೀನು ಗುಂಪಾಗಿ ಏದುಸಿರು ಬಿಡ್ತಿದ್ದರೆ ಗಾಳ ಸುತ್ತಿಡಿ. ಆ ಹೊತ್ತಿನಲ್ಲಿ ಎಳೆದಾಡಿ ದಣಿಸಿದ ಮೀನನ್ನು ವಾಪಸ್ ಬಿಟ್ಟರೂ ಅದು ಬದುಕೋದು ಕಷ್ಟ. ನದಿಯ ಮಡುವಿನಲ್ಲಂತೂ ಇನ್ನೂ ಎಚ್ಚರ ಬೇಕು. ಈ ಗೆಂಡೆ ಮೀನುಗಳು ಮೊಟ್ಟೆ ಇಡೋದು ಮಳೆಗಾಲದ ಹರಿಯುವ ನೀರಿನಲ್ಲಿ. ಬೇಸಿಗೆಯ ಮಡುವಿನಲ್ಲಿ ಉಳಿದ ದೊಡ್ಡ ಮೀನುಗಳೇ ಮುಂದಿನ ಪೀಳಿಗೆಯ ತಾಯ್ತಂದೆ. ಕೆರೆಯ ಮೀನು ಸಾಮಾನ್ಯವಾಗಿ ಮರಿ ಬಿಟ್ಟು ಬೆಳೆಸಿದ್ದು, ಗುತ್ತಿಗೆ ಹಿಡಿದವರ ಅನ್ನ. ಅವರನ್ನು ಕೇಳಿಯೇ ಗಾಳ ಹಾಕಿ. ನೀರು ಬತ್ತಿದ ಕೆರೆಯಲ್ಲಿ ಹೂಳು ಮೋಸ ಮಾಡುತ್ತದೆ. ಸಿಕ್ಕಿಕೊಂಡ ಗಾಳ ಬಿಡಿಸಲು ಒಳಗೆ ಇಳಿಯಬೇಡಿ, ದಾರ ಕತ್ತರಿಸಿ.