ಎಳೆಹಗ್ಗದ ಬಲ: ನದೀಯುದ್ಧದಲ್ಲಿ ಉಗಿದೋಣಿ

ನದೀಯುದ್ಧದ ಚರಿತ್ರೆಯಲ್ಲಿ ಉಗಿದೋಣಿಯನ್ನು ಅದರ ಮೇಲಿದ್ದ ಫಿರಂಗಿಗಳಿಂದ ಅಳೆಯುವ ರೂಢಿಯುಂಟು. ಅದರ ನಿಜವಾದ ಬಲವಿದ್ದುದು ಫಿರಂಗಿಯಲ್ಲಲ್ಲ, ಎಳೆಹಗ್ಗದಲ್ಲಿ. ಕಡಲಿನಲ್ಲಿ ಅಜೇಯವೆನಿಸಿದ ಹಾಯಿಹಡಗು ಅಳಿವೆಯನ್ನು ದಾಟಿ ಒಳಬಂದೊಡನೆ ಪರಾಧೀನವಾಗುತ್ತಿತ್ತು: ಗಾಳಿ ಬಿದ್ದರೆ ಲಂಗರು ಹಾಕಬೇಕು, ಗಾಳಿ ಎದುರಾದರೆ ಓರೆಯಾಗಿ ಸಾಗಲು ಇಕ್ಕಟ್ಟಾದ ಪಾತ್ರದಲ್ಲಿ ಎಡೆಯಿಲ್ಲ.

1824ರಲ್ಲಿ ತೊಡಗಿದ ಮೊದಲ ಆಂಗ್ಲೋ-ಬರ್ಮಾ ಯುದ್ಧದಲ್ಲಿ ಈ ತೊಡಕಿಗೆ ಪರಿಹಾರ ಕಾಣಿಸಿತು. ಹಿಂದಿನ ವರ್ಷವಷ್ಟೇ ಕಲ್ಕತ್ತೆಯ ಕಿದ್ದರ್‌ಪುರದಲ್ಲಿ ನೀರಿಗಿಳಿದಿದ್ದ ‘ಡಯಾನಾ’ ಎಂಬ ಸಣ್ಣ ಉಗಿದೋಣಿಯನ್ನು ಐರಾವತಿ ನದಿಗೆ ಒಯ್ಯಬೇಕೆಂದು ಒತ್ತಾಯಿಸಿದವನು ಕ್ಯಾಪ್ಟನ್ ಫ್ರೆಡರಿಕ್ ಮ್ಯಾರಿಯಟ್. ಮುಂದೆ ಕಾದಂಬರಿಕಾರನಾಗಿ ಹೆಸರಾದವನೂ ಈತನೇ. ‘ಡಯಾನಾ’ ಹಾಯಿಹಡಗುಗಳನ್ನು ಪ್ರವಾಹಕ್ಕೆ ಎದುರಾಗಿ ಎಳೆದೊಯ್ದಿತು. ಬರ್ಮೀಯರ ಉದ್ದನೆಯ ಯುದ್ಧದೋಣಿಗಳು ವೇಗದಲ್ಲಿ ಕಡಿಮೆಯವಲ್ಲ; ಆದರೆ ಹುಟ್ಟುಹಾಕುವ ತೋಳು ಸೋಲುತ್ತದೆ, ಯಂತ್ರ ಸೋಲುವುದಿಲ್ಲ. ಅದರ ಮೇಲಿದ್ದ ಕಾಂಗ್ರೀವ್ ರಾಕೆಟ್ಟುಗಳ ಮೂಲ ಹೈದರ್ ಮತ್ತು ಟಿಪ್ಪುವಿನ ಮೈಸೂರು ರಾಕೆಟ್ಟುಗಳೆಂಬುದು ಕನ್ನಡದ ವಿದ್ಯಾರ್ಥಿಗಳು ನೆನೆಯತಕ್ಕ ಸಂಗತಿ.

ಈ ಉಪಾಯ ಪೂರ್ಣರೂಪ ಪಡೆದುದು ಚೀನದಲ್ಲಿ, ಮೊದಲ ಅಫೀಮು ಯುದ್ಧದ ಕೊನೆಯ ವರ್ಷ. 1842ರ ಜೂನ್ 16ರಂದು ಯಾಂಗ್ಟ್ಸೆ ನದೀಮುಖದ ವೂಸುಂಗ್ ಕೋಟೆಗಳೆದುರು ಪ್ರತಿಯೊಂದು ದೊಡ್ಡ ಹಡಗನ್ನೂ ಒಂದೊಂದು ಉಗಿಹಡಗು ಎಳೆದು ತಂದು ನಿಲ್ಲಿಸಿತು; ನೌಕಾಧಿಪತಿಯ ‘ಕಾರ್ನ್‌ವಾಲಿಸ್’ ಹಡಗನ್ನು ‘ಸೆಸಾಸ್ಟ್ರಿಸ್’ ಎಳೆಯಿತು. ಕೋಟೆಯನ್ನು ಕಾದ ಸೇನಾನಿ ಚೆನ್ ಹುವಾಚೆಂಗ್ ಅಂದೇ ಮಡಿದನು. ಚೀನೀಯರ ಬಳಿಯೂ ಚಕ್ರದೋಣಿಗಳಿದ್ದವು. ಒಳಗಿನ ಆಳುಗಳು ಮೈಬಲದಿಂದ ಚಕ್ರ ತಿರುಗಿಸಬೇಕಿತ್ತು. 1161ರ ಕಾಯ್‌ಷಿ ಕದನದಲ್ಲಿಯೇ ಸುಂಗ್ ನೌಕಾಪಡೆ ಇಂಥ ದೋಣಿಗಳನ್ನು ಬಳಸಿತ್ತು. ಚಕ್ರ ಅವರಿಗೆ ಹೊಸದಲ್ಲ, ಉಗಿ ಹೊಸದು.

ಉಗಿದೋಣಿಗೂ ಕುಂದುಗಳಿದ್ದವು. ಪಕ್ಕದಲ್ಲಿ ತೆರೆದಿದ್ದ ಚಕ್ರಕ್ಕೆ ಗುಂಡು ತಗುಲಿದರೆ ನಡೆ ನಿಂತಂತೆಯೇ. ಕಲ್ಲಿದ್ದಲಂತೂ ಬಹುದೂರದಿಂದ ಬರಬೇಕಿತ್ತು. ಆದರೂ 70ಕ್ಕೂ ಮಿಕ್ಕ ಹಡಗುಗಳು ಯಾಂಗ್ಟ್ಸೆಯನ್ನೇರಿದವು. ಜುಲೈ 21ರಂದು ಝೆಂಜಿಯಾಂಗ್ ಬಿದ್ದಾಗ, ಅಲ್ಲಿ ನದಿಯನ್ನು ಕೂಡುವ ಮಹಾಕಾಲುವೆಯ ಮೂಲಕ ಬೀಜಿಂಗಿಗೆ ಸಾಗುತ್ತಿದ್ದ ಧಾನ್ಯದ ದಾರಿ ಕಡಿಯಿತು. ಆಗಸ್ಟ್ 29ರ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದುದು, 1813ರಲ್ಲಿ ಮುಂಬಯಿಯಲ್ಲಿ ಸಾಗುವಾನಿ ಮರದಿಂದ ಕಟ್ಟಿದ್ದ ಅದೇ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ.