ಹೆಸರು ತಿದ್ದಿದರೆ ಡೇಟಾಬೇಸ್ ಯಾಕೆ ಅಳಿಯಬೇಕು?

ಪ್ರಶ್ನೆ: ನಮ್ಮ ಆ್ಯಪ್‌ನ ಸರ್ವರ್, ಡೇಟಾಬೇಸ್ ಎಲ್ಲವೂ ಎಡಬ್ಲ್ಯೂಎಸ್‌ನಲ್ಲಿವೆ; ನೋಡಿಕೊಳ್ಳುವುದು ಟೆರಾಫಾರ್ಮ್‌ನಲ್ಲಿ. ಕೋಡ್ ಓದಲು ಸುಲಭವಾಗಲಿ ಎಂದು ಡೇಟಾಬೇಸ್ ಬ್ಲಾಕಿನ ಹೆಸರನ್ನು ‘ಡಿಬಿ1’ ಬದಲು ‘ಆರ್ಡರ್ಸ್’ ಎಂದು ತಿದ್ದಿದೆ. ಬೇರೇನೂ ಮುಟ್ಟಿಲ್ಲ. ಪ್ಲಾನ್ ಕೊಟ್ಟರೆ ಒಂದನ್ನು ಅಳಿಸಿ, ಇನ್ನೊಂದನ್ನು ಹೊಸದಾಗಿ ಮಾಡುತ್ತೇನೆ ಎನ್ನುತ್ತಿದೆ. ಇದು ಬಗ್ ಇರಬಹುದೇ?

ಉತ್ತರ: ಬಗ್ ಅಲ್ಲ. ಅಪ್ಲೈ ಕೊಡುವ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು.

ಕೋಡಿನ ಯಾವ ಹೆಸರು ಕ್ಲೌಡಿನ ಯಾವ ಐಡಿಗೆ ಸೇರಿದ್ದು ಎಂಬ ಲೆಕ್ಕವನ್ನು ಟೆರಾಫಾರ್ಮ್ ಇಡುವುದು ಸ್ಟೇಟ್ ಫೈಲಿನಲ್ಲಿ. ಅದೊಂದು ಜೇಸನ್ ಕಡತ, ಥೇಟ್ ಪಹಣಿಯ ಹಾಗೆ: ಹೊಲ ಇದ್ದಲ್ಲೇ ಇದ್ದರೂ ಕಚೇರಿ ನಂಬುವುದು ದಾಖಲೆಯಲ್ಲಿರುವ ಹೆಸರನ್ನು. ನಿಮ್ಮ ಸ್ಟೇಟ್‌ನಲ್ಲಿ ‘ಡಿಬಿ1’ ಇದೆ, ಕೋಡಿನಲ್ಲಿಲ್ಲ, ಹಾಗಾದರೆ ಅಳಿಸು. ಕೋಡಿನಲ್ಲಿ ‘ಆರ್ಡರ್ಸ್’ ಇದೆ, ಸ್ಟೇಟ್‌ನಲ್ಲಿಲ್ಲ; ಹಾಗಾದರೆ ಕಟ್ಟು. ಎರಡೂ ಒಂದೇ ಎಂದು ಅದು ತಾನಾಗಿ ಊಹಿಸುವುದಿಲ್ಲ, ನೀವೇ ಹೇಳಬೇಕು.

ಹೇಳುವುದು ಹೇಗೆ? ಕೋಡಿನಲ್ಲಿ ಒಂದು ‘ಮೂವ್ಡ್’ ಬ್ಲಾಕ್ ಬರೆಯಿರಿ. ‘ಫ್ರಮ್’ ಎದುರು ಹಳೆಯ ವಿಳಾಸ, ‘ಟು’ ಎದುರು ಹೊಸದು. 1.1ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಅದಕ್ಕೂ ಹಳೆಯದಾದರೆ ‘ಟೆರಾಫಾರ್ಮ್ ಸ್ಟೇಟ್ ಎಂವಿ’ ಕಮಾಂಡ್ ಕೊಡಬೇಕು. ಮತ್ತೆ ಪ್ಲಾನ್ ಕೊಟ್ಟಾಗ ಆ್ಯಡ್, ಚೇಂಜ್, ಡಿಸ್ಟ್ರಾಯ್ ಮೂರೂ ಸೊನ್ನೆ ಬರಬೇಕು. 2023ರಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬದಲಾದ ಮೇಲೆ ಕವಲೊಡೆದ ಓಪನ್‌ಟೋಫುವಿನಲ್ಲೂ ಇದೇ ಕ್ರಮ.

‘ಪ್ರಿವೆಂಟ್ ಡಿಸ್ಟ್ರಾಯ್’ ಹಾಕಿದ್ದೇನಲ್ಲ ಎನ್ನುತ್ತೀರೇನೋ. ಆ ಕಾವಲು ಇರುವುದು ಬ್ಲಾಕಿನೊಳಗೆ. ಹಳೆಯ ಹೆಸರಿನ ಬ್ಲಾಕೇ ಹೋದ ಮೇಲೆ ಕಾವಲೂ ಹೋಯಿತು. ಡೇಟಾಬೇಸ್‌ಗೆ ನಿಜವಾದ ರಕ್ಷಣೆ ಎಡಬ್ಲ್ಯೂಎಸ್‌ನದೇ ಆದ ಡಿಲೀಷನ್ ಪ್ರೊಟೆಕ್ಷನ್. ಅದು ಆನ್ ಇದ್ದರೆ ಟೆರಾಫಾರ್ಮ್ ಅಳಿಸಲು ಹೋದರೂ ಎಡಬ್ಲ್ಯೂಎಸ್ ಒಪ್ಪುವುದಿಲ್ಲ. ಟೆರಾಫಾರ್ಮ್‌ನಲ್ಲಿ ಅದು ತಾನಾಗಿ ಆನ್ ಆಗಿರುವುದಿಲ್ಲ, ಇವತ್ತೇ ನೋಡಿ.

ಇನ್ನೊಂದು ಮಾತು. ಸ್ಟೇಟ್ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬಟಾಬಯಲಾಗಿ ಕೂತಿರಬಹುದು. ಅದನ್ನು ಗಿಟ್‌ಗೆ ಹಾಕಬೇಡಿ. ವರ್ಷನಿಂಗ್ ಇರುವ ಎಸ್3 ಬಕೆಟ್ಟಿನಲ್ಲಿ, ಲಾಕ್ ಹಾಕಿ ಇಡಿ.

ಪ್ಲಾನಿನ ಕೊನೆಯ ಸಾಲಿನಲ್ಲಿ ಡಿಸ್ಟ್ರಾಯ್ ಸಂಖ್ಯೆ ಸೊನ್ನೆ ಇಲ್ಲದಿದ್ದರೆ, ಅಳಿಯುವುದು ಯಾವುದು ಎಂದು ಹೆಸರು ಹಿಡಿದು ಹೇಳಲು ಬರುವ ತನಕ ‘ಯೆಸ್’ ಟೈಪ್ ಮಾಡಬೇಡಿ.